ಒಳಗಿನ ಒಂದು ಇಂಚು

ನನ್ನಪ್ಪನನ್ನು ನಮ್ಮ ಬೀದಿಯವರೆಲ್ಲ ಒಂದಿಂಚು ಮಾಸ್ಟರ್ ಎಂದೇ ಕರೆಯುವುದು. ಗಿಡ್ಡ ಎಂಬ ಕಾರಣಕ್ಕಲ್ಲ, ಆಳು ಆರಡಿಗೆ ಎರಡೇ ಬೆರಳು ಕಡಿಮೆ. ಅವನು ಹೊಲಿದ ಯಾವ ಅಂಗಿಯನ್ನಾದರೂ ಒಳಮೈ ಹೊರಗೆ ಮಾಡಿ ನೋಡಿ, ಪಕ್ಕದ ಹೊಲಿಗೆಯ ಆಚೆ ಸರಿಯಾಗಿ ಒಂದು ಇಂಚು ಬಟ್ಟೆ ಮಡಚಿಕೊಂಡು ಸುಮ್ಮನೆ ಕೂತಿರುತ್ತದೆ. ಬೇರೆ ದರ್ಜಿಗಳು ಅರ್ಧ ಇಂಚು ಬಿಟ್ಟು ಮಿಕ್ಕದ್ದನ್ನು ಕತ್ತರಿಸಿ ಚಿಂದಿ ಚೀಲಕ್ಕೆ ಹಾಕುತ್ತಾರೆ. ಅಪ್ಪನಿಗೆ ಅದು ಆಗದು. "ಮನುಷ್ಯ ಇವತ್ತು ಇದ್ದ ಹಾಗೆ ನಾಳೆ ಇರಲ್ಲ. ಅವನಿಗೆ ಜಾಗ ಬಿಡದೆ ಹೊಲಿಯೋನು ದರ್ಜಿ ಅಲ್ಲ, ಕತ್ತರಿ ಹಿಡಿದ ಕಳ್ಳ" ಎನ್ನುತ್ತಾನೆ.

ಬ್ಯಾಂಕಿನ ಗುಮಾಸ್ತರೊಬ್ಬರು ಒಮ್ಮೆ ಹನ್ನೆರಡು ವರ್ಷದ ಹಳೆಯ ಕೋಟು ತಂದು, ಗುಂಡಿ ಹಾಕಲು ಆಗುತ್ತಿಲ್ಲ, ಎಸೆಯಲು ಮನಸ್ಸಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡರು. ಅಪ್ಪ ಹೊಲಿಗೆ ಬಿಚ್ಚಿ, ಒಳಗಿದ್ದ ಬಟ್ಟೆಯನ್ನು ಹೊರಗೆಳೆದು, "ನೀವು ಬರ್ತೀರ ಅಂತ ಗೊತ್ತಿತ್ತು" ಎಂದ. ಈ ಕಥೆಯನ್ನು ಅದೆಷ್ಟು ಸಲ ಹೇಳಿದ್ದಾನೆಂದರೆ, ಅವನು ಕೋಟು ಎನ್ನುವಷ್ಟರಲ್ಲಿ ಅಮ್ಮ "ಗೊತ್ತಿತ್ತಂತೆ" ಎಂದು ಮುಗಿಸಿ ಎದ್ದು ಹೋಗುತ್ತಾಳೆ.

ನಾನು ಅವನ ಹಿರಿಮಗಳು. ಹದಿನೆಂಟು ವರ್ಷದಿಂದ ಅದೇ ಅಂಗಡಿಯಲ್ಲಿ ಎರಡನೇ ಮೆಷಿನ್ ನನ್ನದು, ಹೆಂಗಸರ ಬಟ್ಟೆಗಳೆಲ್ಲ ನನ್ನ ಪಾಲು. ಕಾಜಾ, ಗುಂಡಿ ಅಮ್ಮನ ಕೆಲಸ. ತಮ್ಮನೊಬ್ಬ ಮಾತ್ರ ಸೂಜಿ ಹಿಡಿಯಲಿಲ್ಲ, ಸ್ಟಿಯರಿಂಗ್ ಹಿಡಿದ. ಶಾಲೆಯ ವ್ಯಾನ್ ಓಡಿಸುತ್ತಾನೆ. ನನಗೆ ತಾಳ್ಮೆ ಕಡಿಮೆ, ಬಾಯಿ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವ ಸಂಗತಿಯಲ್ಲಿ ಮಾತಾಡಬೇಕಾದ ಕಡೆ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಅಪ್ಪನ ಗಂಟಲು ಕಟ್ಟಿದ್ದು ಮೂರು ತಿಂಗಳಾದರೂ ಬಿಡಲಿಲ್ಲ. ಬಟ್ಟೆಯ ಧೂಳು ಎಂದ, ಫ್ಯಾನಿನ ಗಾಳಿ ಎಂದ, ಕೊನೆಗೆ ಗಿರಾಕಿಗಳ ಜೊತೆ ಕೂಗಾಡಿದ್ದಕ್ಕೆ ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತಮ್ಮ ಒಂದು ದಿನ ಹೇಳದೆ ಕೇಳದೆ ವ್ಯಾನಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದ. ಗಂಟಲಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ದಿನ ಮನೆಯಲ್ಲಿ ಯಾರೂ ಅಳಲಿಲ್ಲ. ಅಮ್ಮ ಒಂದೇ ಅಂಗಿಗೆ ಹದಿನಾಲ್ಕು ಗುಂಡಿ ಹೊಲಿದು, ಆಮೇಲೆ ಕೂತು ಏಳನ್ನು ಬಿಚ್ಚಿದಳು.

ಆಪರೇಷನ್ ಬೇಡ, ಮೂವತ್ಮೂರು ದಿನ ರೇಡಿಯೇಷನ್ ಕೊಟ್ಟರೆ ಧ್ವನಿಯೂ ಉಳಿಯಬಹುದು ಎಂದರು ಡಾಕ್ಟರು. ಅವರು ನನಗಿಂತ ಚಿಕ್ಕವರು, ಮಾತು ಅಳೆದು ತೂಗಿ ಆಡುವವರು. ವಾರಕ್ಕೆ ಐದು ದಿನ, ಶನಿವಾರ ಭಾನುವಾರ ರಜೆ. "ಒಂದೇ ಒಂದು ಷರತ್ತು. ಶುರು ಮಾಡಿದ ಮೇಲೆ ಮಧ್ಯ ನಿಲ್ಲಿಸಬಾರದು. ನಾವು ನಿಲ್ಲಿಸಿದಷ್ಟು ದಿನ ಆ ರೋಗ ಸುಧಾರಿಸಿಕೊಳ್ಳುತ್ತೆ" ಎಂದರು. ಅಪ್ಪ ತಲೆ ಆಡಿಸಿದ. "ಕತ್ತರಿ ಇಲ್ಲದೆ ಕೆಲಸ ಅಂತೀರ. ನಮ್ಮ ಕಸುಬಲ್ಲಿ ನಡೆಯಲ್ಲ, ನಿಮ್ಮದರಲ್ಲಿ ನಡೆಯಲಿ" ಎಂದ.

ಅವನಿಗೆ ನಿಜವಾಗಿ ದಿಗಿಲಾದದ್ದು ಮುಖವಾಡ ಮಾಡುವಾಗ. ಮುಖ ಅಲ್ಲಾಡಬಾರದೆಂದು ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಹಣೆಯಿಂದ ಹೆಗಲಿನವರೆಗೆ ಒತ್ತಿ ಹಿಡಿಯುತ್ತಾರೆ. ಐದು ನಿಮಿಷಕ್ಕೆ ಗಟ್ಟಿಯಾಗುತ್ತದೆ. ದಿನವೂ ಅದನ್ನು ಹಾಕಿ ಮೇಜಿಗೆ ಬಿಗಿದು ಮಲಗಿಸುತ್ತಾರೆ. ಎದ್ದು ಬಂದವನೇ ಅದನ್ನು ಮುಟ್ಟಿ ಮುಟ್ಟಿ ನೋಡಿದ. "ಮಾರ್ಜಿನ್ ಎಷ್ಟು ಬಿಟ್ಟಿದ್ದೀಯಮ್ಮ?" ಎಂದು ಅಲ್ಲಿದ್ದ ಟೆಕ್ನಿಷಿಯನ್ ಹುಡುಗಿಯನ್ನು ಕೇಳಿದ.

"ಒಂಚೂರೂ ಇಲ್ಲ ಅಂಕಲ್. ಬಿಡಬಾರದು."

"ನಾಳೆ ನಾನು ದಪ್ಪ ಆದ್ರೆ?"

"ದಪ್ಪ ಆದೋರನ್ನ ನಾನಿನ್ನೂ ನೋಡಿಲ್ಲ. ಸಣ್ಣ ಆಗದ ಹಾಗೆ ನೋಡ್ಕೊಳ್ಳಿ, ಸಾಕು."

ಮನೆ ಹತ್ತಿರ ಬಂದ ಮೇಲೆ ಅಪ್ಪ, "ಬಹಳ ಒಳ್ಳೆ ಫಿಟ್ಟಿಂಗು. ಆದ್ರೆ ಅದು ಬಟ್ಟೆ ಅಲ್ಲ" ಎಂದ.

ಕುತ್ತಿಗೆಯ ಚರ್ಮ ಸುಡುವುದರಿಂದ ಕಾಲರ್ ಇರುವ ಅಂಗಿ ಹಾಕಬಾರದೆಂದು ಹೇಳಿ ಕಳಿಸಿದ್ದರು. ಕಾಲರ್ ಕೂರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಅವನಿಗೇ ಕಾಲರ್ ಇಲ್ಲದ ಅಂಗಿಯ ಶಿಕ್ಷೆ. ಚಿಕಿತ್ಸೆ ಶುರುವಾಗುವ ಮೊದಲಿನ ವಾರ ಮೆತ್ತನೆಯ ಬಿಳಿ ಹತ್ತಿ ಬಟ್ಟೆ ತಂದು, ದುಂಡು ಕುತ್ತಿಗೆಯ ಆರು ಅಂಗಿ ತಾನೇ ಹೊಲಿದುಕೊಂಡ. ಅವನ ಅಳತೆ ಬೇರೆ ಯಾರೂ ತೆಗೆದದ್ದಿಲ್ಲ. ಗೋಡೆಗೆ ನೇತುಹಾಕಿದ್ದ ಹಳೆಯ ಕಾಗದದ ಪ್ಯಾಟರ್ನ್ ಇಟ್ಟು ಗುರುತು ಮಾಡಿ ಕತ್ತರಿಸುತ್ತಿದ್ದ. ಆರಕ್ಕೂ ಒಳಗೆ ಒಂದೊಂದು ಇಂಚು ಬಿಟ್ಟ. ಅಮ್ಮ ಅಂಗಿಗಳನ್ನು ಮಡಚುತ್ತ, "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇವರನ್ನ ಮೂವತ್ಮೂರು ದಿನ ಸುಡ್ತಾರಂತೆ, ನೋಡೇಬಿಡೋಣ" ಎಂದಳು. ನಗಬೇಕೋ ಬೇಡವೋ ತಿಳಿಯದೆ ನಾವೆಲ್ಲ ಅಪ್ಪನ ಮುಖ ನೋಡಿದೆವು. ಅವನೇ ಮೊದಲು ನಕ್ಕ.

ದಿನಗಳು ಒಂದು ಹದಕ್ಕೆ ಬಂದವು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿದ ವ್ಯಾನು ಹತ್ತೂವರೆಗೆ ಮನೆ ಮುಂದೆ ಬರುತ್ತಿತ್ತು. ಮಕ್ಕಳ ಸಣ್ಣ ಸೀಟಿನಲ್ಲಿ ಉದ್ದ ಕಾಲು ಮಡಚಿಕೊಂಡು ಅಪ್ಪ ಕೂರುವುದು, ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ನೀರಿನ ಫ್ಲಾಸ್ಕು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಗಂಟೆ ಕಾಯುವುದು, ಒಳಗೆ ಹತ್ತು ನಿಮಿಷ. ಮಧ್ಯಾಹ್ನ ಎರಡರೊಳಗೆ ತಮ್ಮ ಮತ್ತೆ ಶಾಲೆಯ ಗೇಟಿನಲ್ಲಿರಬೇಕು.

ಕಾಯುವ ಬೆಂಚಿನಲ್ಲಿ ದಿನಾ ಸಿಗುತ್ತಿದ್ದವರು ನಿವೃತ್ತ ಡ್ರಿಲ್ ಮಾಸ್ಟರು. ಅವರಿಗೂ ಗಂಟಲೇ. ಮೂಗಿನಿಂದ ಹೊಟ್ಟೆಗೆ ಇಳಿಸಿದ ಸಣ್ಣ ಪೈಪನ್ನು ಕೆನ್ನೆಗೆ ಅಂಟಿಸಿಕೊಂಡಿರುತ್ತಿದ್ದರು. ಊಟವೆಲ್ಲ ಅದರಲ್ಲೇ. "ಹೆಂಡತಿ ಅಡುಗೆ ಹೇಗಿದೆ ಅಂತ ಹೇಳೋ ಕಷ್ಟ ತಪ್ಪಿತು ನೋಡಿ" ಎಂದು ಪಿಸುಗುಟ್ಟುತ್ತಿದ್ದರು. ಅಪ್ಪ ಅವರ ಜೊತೆ ನಗುತ್ತಿದ್ದ, ಆದರೆ ಪೈಪಿನ ಕಡೆ ನೋಡುತ್ತಿರಲಿಲ್ಲ. ವ್ಯಾನು ಹತ್ತಿದ ಮೇಲೆ, "ಏನಾದ್ರೂ ಆಗಲಿ, ಅದೊಂದು ಬೇಡ" ಎನ್ನುತ್ತಿದ್ದ.

ಎರಡು ವಾರ ಏನೂ ಆಗಲಿಲ್ಲ. ಮೂರನೇ ವಾರದಲ್ಲಿ ನಾಲಿಗೆಗೆ ರುಚಿ ಹೋಯಿತು, ಬಾಯಿ ತುಂಬ ಹುಣ್ಣಾಯಿತು, ಎಂಜಲು ಅಂಟಿನ ಹಾಗೆ ಗಟ್ಟಿಯಾಯಿತು. ಅಮ್ಮ ಗಂಜಿಯನ್ನು ಸೋಸಿ ಸೋಸಿ ನೀರು ಮಾಡಿದಳು. ಮೊಟ್ಟೆಯನ್ನು ಹಾಲಿನಲ್ಲಿ ಕದಡಿದಳು, ಬಾಳೆಹಣ್ಣನ್ನು ಮಿಕ್ಸಿಗೆ ಹಾಕಿದಳು. ಅಪ್ಪ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, ಅದು ಇಳಿಯುವವರೆಗೆ ಮಂಚದ ಕಾಲು ಹಿಡಿದುಕೊಳ್ಳುತ್ತಿದ್ದ. ಲೋಟ ಖಾಲಿಯಾಗಲು ಒಂದು ಗಂಟೆ. ನನಗೆ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಬೇಕು ಅನ್ನಿಸುತ್ತಿತ್ತು, ಕುಕ್ಕುತ್ತಿದ್ದೆ.

ಆ ವಾರದಲ್ಲೇ ಒಂದು ಮಂಗಳವಾರ ಅವನು ಅಂಗಡಿಗೆ ಬಂದು ಗಿರಾಕಿಗಳ ಆಳುದ್ದದ ಕನ್ನಡಿಯ ಮುಂದೆ ನಿಂತ. ಅಂಗಿಯ ಪಕ್ಕವನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಬಟ್ಟೆ ಎಷ್ಟು ಸಡಿಲವಿದೆ ಎಂದು ನೋಡಲು ನಾವೆಲ್ಲ ಮಾಡುವುದು ಹಾಗೆಯೇ. ಬೆರಳ ನಡುವೆ ಎರಡು ಇಂಚು ಬಂತು. ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದವನು ಅಂದು ಗಂಜಿ ಮುಟ್ಟಲಿಲ್ಲ. "ಹ್ಯಾಂಗರ್ ಆಗಿಬಿಟ್ಟೆ ಕಣೆ" ಎಂದನಂತೆ ಅಮ್ಮನಿಗೆ. ನಾಳೆಯಿಂದ ಆಸ್ಪತ್ರೆಗೂ ಬರುವುದಿಲ್ಲ ಎಂದನಂತೆ.

ಅಮ್ಮ ಅಂಗಡಿಗೆ ಬಂದು ನನ್ನ ಮೆಷಿನ್ ಪಕ್ಕ ನಿಂತಳು. "ಒಂದು ಅಂಗಿ ಬಿಗಿ ಮಾಡೋಕೆ ಎಷ್ಟು ಹೊತ್ತು ಬೇಕು ನಿನಗೆ?"

"ಇಪ್ಪತ್ತು ನಿಮಿಷ. ಯಾಕೆ?"

"ಅವರು ಮಲಗಿದಾರೆ. ಎರಡು ತಂದಿದೀನಿ."

ಬೇರೆ ಮನೆಗಳಲ್ಲಿ ಕಾಯಿಲೆಯವರಿಗೆ ಧೈರ್ಯದ ಮಾತು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅಂಗಿ ಆಲ್ಟರ್ ಮಾಡಿದೆವು, ನಮಗೆ ಗೊತ್ತಿದ್ದದ್ದು ಅದೊಂದೇ. ಬುಡದಿಂದ ಬಗಲಿನವರೆಗೆ, ಅಲ್ಲಿಂದ ತೋಳಿನ ಕೊನೆಯವರೆಗೆ ಅಪ್ಪನ ಹೊಲಿಗೆ ಬಿಚ್ಚಿ, ಒಳಗೆ ಸರಿಸಿ, ಅದೇ ದಾರದಲ್ಲಿ ಹೊಲಿದೆ. ಬುಧವಾರ ಬೆಳಿಗ್ಗೆ ಅವನನ್ನು ಎಬ್ಬಿಸಿ ಹೊಸ ಅಳತೆಯ ಅಂಗಿ ತೊಡಿಸಿದಳು ಅಮ್ಮ. ಅವನು ಕನ್ನಡಿಯ ಮುಂದೆ ಹೋದ, ಪಕ್ಕವನ್ನು ಹಿಡಿದ, ಬೆರಳಿಗೆ ಏನೂ ಸಿಗಲಿಲ್ಲ. "ವ್ಯಾನು ಬಂತಾ?" ಎಂದ. ಅಂದು ಒಂದೂವರೆ ಲೋಟ ಗಂಜಿ ಕುಡಿದ. ನಾನೂ ಅಮ್ಮನೂ ಪರೀಕ್ಷೆ ಪಾಸಾದವರ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಒಂದು ಸಲ ಶುರು ಮಾಡಿದ್ದನ್ನು ನಿಲ್ಲಿಸಲು ಆಗಲಿಲ್ಲ. ನಾಲ್ಕು ದಿನಕ್ಕೊಮ್ಮೆ ಅವನು ಮಲಗಿದ ಮಧ್ಯಾಹ್ನ ಅಂಗಿಗಳು ಅಮ್ಮನ ಸೆರಗಿನಡಿ ಅಂಗಡಿಗೆ ಬರುತ್ತಿದ್ದವು. ಒಳಗಿನ ಒಂದಿಂಚು ಎರಡಾಯಿತು, ಎರಡೂವರೆಯಾಯಿತು. ಅದನ್ನು ಮಡಚಿ ಮಡಚಿ ಒಳಗೇ ಉಳಿಸಿಕೊಂಡೆ. ಬಟ್ಟೆ ಕತ್ತರಿಸಬಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಈ ಅಂಗಡಿಯಲ್ಲಿ ಕಲಿತವಳು ನಾನು.

ಆದರೂ ಆರನೆಯ ಅಂಗಿಯನ್ನು ಕತ್ತರಿಸಿದೆ. ನಾಲ್ಕನೇ ವಾರದ ಗುರುವಾರ. ಅಂದು ಬೆಳಿಗ್ಗೆ ವ್ಯಾನಿನಿಂದ ಇಳಿಯುವಾಗ ಅಪ್ಪ ನನ್ನ ಹೆಗಲು ಹಿಡಿದಿದ್ದ, ಆ ಕೈಗೆ ಭಾರವೇ ಇರಲಿಲ್ಲ. ಮಧ್ಯಾಹ್ನ ಮೆಷಿನ್ ಮುಂದೆ ಕೂತು ಹೊಲಿಗೆ ಹಾಕಿ ಮುಗಿಸಿದೆ, ಒಳಗಿನ ಬಟ್ಟೆ ದಪ್ಪಗೆ ಉಬ್ಬಿತ್ತು, ಕತ್ತರಿ ಕೈಯಲ್ಲಿತ್ತು. ಎರಡೂ ಪಕ್ಕ ಸರಕ್ಕನೆ ಕತ್ತರಿಸಿ ಪಟ್ಟಿಗಳನ್ನು ಚಿಂದಿ ಚೀಲಕ್ಕೆ ಹಾಕಿದೆ. ಬೆಂದ ಮೈಗೆ ದಪ್ಪ ಹೊಲಿಗೆ ಒತ್ತುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬೆಂದದ್ದು ಕುತ್ತಿಗೆ, ನಾನು ಕತ್ತರಿಸಿದ್ದು ಪಕ್ಕೆಯ ಕಡೆ.

ಮರುದಿನ ಶುಕ್ರವಾರ, ತೂಕ ನೋಡುವ ದಿನ. ಅರವತ್ತೆಂಟು ಇದ್ದವನು ಐವತ್ತೊಂಬತ್ತಕ್ಕೆ ಇಳಿದಿದ್ದ. ಡಾಕ್ಟರು ಅವನ ಕೈ ಹಿಡಿದು ಕೂರಿಸಿಕೊಂಡರು. "ಮುಖವಾಡ ಈಗಲೇ ಸಡಿಲ ಆಗಿದೆ. ಅದನ್ನ ಹೊಸದಾಗಿ ಮಾಡ್ತೀವಿ, ಒಂದೆರಡು ದಿನದ ಮಾತು. ಆದರೆ ಇದೇ ಥರ ಇಳೀತಾ ಹೋದ್ರೆ ನಿಮ್ಮ ಮೈ ತಡೆಯಲ್ಲ, ಪೂರ್ತಿ ನಿಲ್ಲಿಸಬೇಕಾಗುತ್ತೆ. ಇನ್ನೂ ಹದಿಮೂರು ಇದೆ. ಸೋಮವಾರ ಪೈಪು ಹಾಕಿಬಿಡೋಣ."

ಅಪ್ಪನ ಧ್ವನಿ ಆಗಲೇ ಪಿಸುಮಾತಿಗಿಂತ ಕಡಿಮೆ. ಆದರೂ ಎದ್ದು ನಿಂತು ಅಂಗಿಯ ಪಕ್ಕ ಹಿಡಿದು ತೋರಿಸಿದ. "ಐದು ವಾರದ ಹಿಂದೆ ಹೊಲಿದದ್ದು. ನೋಡಿ, ಎಲ್ಲಿ ಸಡಿಲ ಇದೆ? ನಲವತ್ತು ವರ್ಷದಿಂದ ಮನುಷ್ಯರನ್ನ ಅಳೀತಾ ಇದೀನಿ ಸಾರ್. ನಿಮ್ಮ ತೂಕದ ಮೆಷಿನ್ ಸರಿ ಮಾಡಿಸಿ."

ಡಾಕ್ಟರು ಅಂಗಿ ನೋಡಿದರು, ತೂಕದ ಚೀಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನ ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆ ಹೊತ್ತಿನಲ್ಲಿ ನಿಜ ಹೇಳಿದ್ದರೆ ಅಷ್ಟು ಜನರ ಮುಂದೆ ಅಪ್ಪ ಸಣ್ಣವನಾಗುತ್ತಿದ್ದ. ಹೇಳದಿದ್ದುದಕ್ಕೆ ನಾನು ಸಣ್ಣವಳಾದೆ. "ಸೋಮವಾರದ ಒಳಗೆ ಒಪ್ಪಿಸಿ" ಎಂದಷ್ಟೇ ಹೇಳಿ ಅವರು ಮುಂದಿನವರನ್ನು ಕರೆದರು.

ಶನಿವಾರ ಮನೆಯಲ್ಲಿ ಜಗಳ. ತಮ್ಮನಿಗೆ ಅಂಗಿಯ ವಿಷಯ ಗೊತ್ತಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಹೇಳಿದಾಗ ಅವನು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವ ಹಾಗೆ ನೋಡಿದ. "ಅಕ್ಕ, ನಿನಗೆ ಬುದ್ಧಿ ಇದೆಯಾ? ನಾನು ಅಷ್ಟು ದೂರದಿಂದ ದಿನಾ ಓಡಿಸ್ಕೊಂಡು ಬರೋದು ಯಾಕೆ, ನೀವಿಬ್ಬರು ಕೂತು ಅವನನ್ನ ಪ್ಯಾಕ್ ಮಾಡಿ ಕಳಿಸೋಕಾ?" ಆ ಮಾತು ಅವನಿಗೇ ಜಾಸ್ತಿಯಾಯಿತು, ಕೂಡಲೇ ಸುಮ್ಮನಾದ. ನಾನು ತಿರುಗಿ ಬೈಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಅವನಿಗೆ ಆರನೆಯ ಅಂಗಿಯ ವಿಷಯ ಇನ್ನೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಹೇಳಿಬಿಡೋಣ ಎಂದು ಅಪ್ಪನ ಕೋಣೆಗೆ ಹೋದೆ. ಅವನು ಮಂಚದ ಮೇಲೆ ಬರಿಮೈಯಲ್ಲಿ ಕೂತಿದ್ದ. ಎದುರಿಗೆ ಆರು ಅಂಗಿಗಳನ್ನೂ ಒಳಮೈ ಹೊರಗೆ ಮಾಡಿ ಸಾಲಾಗಿ ಹಾಸಿದ್ದ.

"ಬಾ. ಕೂತ್ಕೋ" ಎಂದ. ಕೂತೆ. ಮೊದಲನೆಯ ಅಂಗಿಯ ಹೊಲಿಗೆಯ ಮೇಲೆ ಬೆರಳು ಎಳೆದ. "ಇಂಚಿಗೆ ಹನ್ನೆರಡು ಹೊಲಿಗೆ. ನಾನು ಹಾಕೋದು ಹತ್ತು. ಹೇಳಿ ಹೇಳಿ ಸಾಕಾಯ್ತು, ನಿನ್ನ ಮೆಷಿನ್ ಸಣ್ಣ ಹೊಲಿಗೆ ಹಾಕುತ್ತೆ."

"ಗೊತ್ತಿತ್ತಾ ಅಪ್ಪ?"

"ಮೊದಲನೇ ದಿನಾನೇ."

"ಮತ್ತೆ ಡಾಕ್ಟರ ಹತ್ರ ಹಾಗ್ಯಾಕೆ ಹೇಳ್ದೆ?"

ಅವನು ಬಹಳ ಹೊತ್ತು ನೀರು ಗುಟುಕರಿಸಿದ. "ನೀವು ಹೊಲಿದ ಸುಳ್ಳು ಮೈಗೆ ಸರಿಯಾಗಿ ಕೂತಿತ್ತು. ಪೈಪು ತಪ್ಪಿಸ್ಕೊಳ್ಳೋಕೆ ಅನುಕೂಲವೂ ಆಯ್ತು. ತೊಟ್ಕೊಂಡೆ." ಐದು ಅಂಗಿಗಳನ್ನು ಒಂದೊಂದಾಗಿ ಮಡಚಿ ಪಕ್ಕಕ್ಕಿಟ್ಟ. ಆರನೆಯದರ ಮೇಲೆ ಕೈ ನಿಂತಿತು. "ಇದರಲ್ಲಿ ಬಟ್ಟೆ ಇಲ್ಲ."

"ದಪ್ಪ ಆಗಿತ್ತು. ಒತ್ತುತ್ತೆ ಅಂತ..."

"ಹದಿನೆಂಟು ವರ್ಷ ಕಲಿಸಿದೀನಿ. ಒತ್ತದ ಹಾಗೆ ಮಡಚೋಕೆ ಬರಲ್ವಾ ನಿನಗೆ?"

ಬರುತ್ತದೆ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ನನ್ನ ಇಷ್ಟುದ್ದದ ನಾಲಿಗೆ ಅಂದು ಸುಳ್ಳಿಗೆ ಬರಲಿಲ್ಲ. "ಮತ್ತೆ ಬೇಕಾಗಲ್ಲ ಅನ್ನಿಸ್ತು ಅಪ್ಪ" ಎಂದೆ. ಅಷ್ಟು ಹೇಳಿದ್ದೇ ಅವನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ನಲವತ್ತೆರಡು ವರ್ಷದ ಹೆಂಗಸು, ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ. ಅಪ್ಪನ ಕೈ ನನ್ನ ಬೆನ್ನ ಮೇಲಿತ್ತು.

ನಾನು ಮೂಗು ಒರೆಸಿಕೊಂಡ ಮೇಲೆ, "ಟೇಪ್ ತಗೊಂಡು ಬಾ" ಎಂದ. "ಅಳತೆ ಪುಸ್ತಕಾನೂ ತಾ."

ಅಂಗಡಿಗೆ ಓಡಿ ಎರಡನ್ನೂ ತಂದೆ. ಅವನು ಎದ್ದು ನಿಂತು, ನಾವು ಗಿರಾಕಿಗಳಿಗೆ ಹೇಳುವ ಹಾಗೆ ಕೈಗಳನ್ನು ಸ್ವಲ್ಪ ಅಗಲ ಮಾಡಿದ. ಜೀವನದಲ್ಲಿ ಮೊದಲ ಸಲ ನಾನು ಅವನ ಎದೆಯ ಸುತ್ತ ಟೇಪು ಸುತ್ತಿದೆ. ಪಕ್ಕೆಲುಬುಗಳು ಬೆರಳಿಗೆ ಒಂದೊಂದಾಗಿ ಸಿಕ್ಕವು. "ಮೂವತ್ನಾಲ್ಕು" ಎಂದೆ. ಗೋಡೆಯ ಪ್ಯಾಟರ್ನಿನಲ್ಲಿ ಇದ್ದದ್ದು ಮೂವತ್ತೆಂಟು. "ಬರಿ" ಎಂದ. ಸೊಂಟ, ಹೆಗಲು, ತೋಳು, ಎಲ್ಲ ಬರೆದೆ. ಮೇಲೆ ಹೆಸರಿನ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಮಾಸ್ಟರ್ ಅಂತ ಬರಿ, ಇನ್ನೇನು. ಪಕ್ಕದಲ್ಲಿ ಜಾಗ ಬಿಡು, ಮುಂದಿನ ಸಲದ್ದು ಬರೀಬೇಕು" ಎಂದ.

ಅಂಗಿ ತೊಡಲು ಅವನಿಗೆ ಸಹಾಯ ಮಾಡುತ್ತಿದ್ದಾಗ ಹೇಳಿದ. "ಐದು ನೋಡಿದಾಗ ಏನೂ ಅನ್ನಿಸಲಿಲ್ಲ. ನಿನ್ನೆ ಈ ಆರನೇದನ್ನ ನೋಡಿದೆ. ನನ್ನ ಮಗಳೇ ಬಟ್ಟೆ ಉಳಿಸಿಲ್ಲ ಅಂದ್ರೆ ನಾನು ಎಲ್ಲಿಗೆ ಬಂದಿದೀನಿ ಅಂತ ಗೊತ್ತಾಯ್ತು. ನಾಳೆ ಪೈಪು ಹಾಕಿಸ್ಕೊಂಡು ಬರೋಣ."

ಸೋಮವಾರ ಪೈಪು ಹಾಕಿದರು, ಮುಖವಾಡ ಹೊಸದಾಗಿ ಮಾಡಿದರು. ಎರಡು ದಿನ ತಪ್ಪಿತು, ಅದನ್ನು ಎರಡು ಶನಿವಾರಗಳಲ್ಲಿ ತುಂಬಿಸಿದರು. ಡ್ರಿಲ್ ಮಾಸ್ಟರು ತಮ್ಮ ಪೈಪು, ಅಪ್ಪನ ಪೈಪು ಎರಡನ್ನೂ ತೋರಿಸಿ, "ಯೂನಿಫಾರಂ ಕೊಟ್ಟರಾ ನಿಮಗೂ" ಎಂದರು. ಅಮ್ಮ ಎರಡು ಗಂಟೆಗೊಮ್ಮೆ ಸಿರಿಂಜಿನಲ್ಲಿ ಹಾಲು, ಗಂಜಿ, ಮೊಟ್ಟೆಯ ನೀರು ಇಳಿಸುತ್ತಿದ್ದಳು. ಗುಂಡಿ ಹೊಲಿಯುವ ಅವಳ ಕೈ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಸುಲಭವಾಗಿತ್ತು ಎಂದು ಹೇಳುವುದಿಲ್ಲ. ಕೊನೆಯ ವಾರ ಅವನು ಕಣ್ಣು ತೆರೆದಿದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿದು ಬರುತ್ತಿತ್ತು. ವ್ಯಾನಿನ ಮಕ್ಕಳ ಸೀಟೊಂದನ್ನು ತಮ್ಮ ಬಿಚ್ಚಿ ತೆಗೆದು ಅವನಿಗೆ ಒರಗಲು ಜಾಗ ಮಾಡಿದ. ಮೂವತ್ಮೂರೂ ಮುಗಿದವು.

ಈಗ ಎಂಟು ತಿಂಗಳಾಗಿದೆ. ಪೈಪು ತೆಗೆದು ಬಹಳ ದಿನವಾಯಿತು. ಧ್ವನಿ ಬಂದಿದೆ, ಆದರೆ ಅದು ಬೇರೆ ಯಾರದೋ ಒರಟು ಧ್ವನಿ. ಫೋನು ಅವನೇ ಎತ್ತಿದರೂ ಗಿರಾಕಿಗಳು ಈಗಲೂ "ಮಾಸ್ಟರಿಗೆ ಕೊಡಿ" ಎನ್ನುತ್ತಾರೆ. ಮೂರು ತಿಂಗಳಿಗೊಮ್ಮೆ ಕ್ಯಾಮೆರಾ ಹಾಕಿ ಗಂಟಲು ನೋಡುತ್ತಾರೆ, ಆ ವಾರ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಅಳತೆ ಪುಸ್ತಕದಲ್ಲಿ ಅವನ ಪುಟದ ಪಕ್ಕದ ಜಾಗ ಮೂವತ್ನಾಲ್ಕೂವರೆ, ಮೂವತ್ತೈದು, ಮೂವತ್ತಾರೂಕಾಲು ಎಂದು ತುಂಬುತ್ತ ಬಂದಿದೆ.

ಐದು ಅಂಗಿಗಳ ಹೊಲಿಗೆಯನ್ನು ಅವನೇ ಕೂತು ಬಿಚ್ಚಿ ದೊಡ್ಡದು ಮಾಡಿಕೊಂಡ. ಇಂಚಿಗೆ ಹತ್ತೇ ಹೊಲಿಗೆ. ಆರನೆಯದನ್ನು ಅಮ್ಮ ಮೆಷಿನ್ ಒರೆಸಲು ಇಟ್ಟುಕೊಂಡಿದ್ದಳು. ಮೊನ್ನೆ ಅಪ್ಪ ಅದನ್ನು ಅವಳ ಕೈಯಿಂದ ಕಿತ್ತುಕೊಂಡು, ಒಗೆಸಿ, ಇಸ್ತ್ರಿ ಮಾಡಿಸಿ ನನ್ನ ಮೆಷಿನ್ ಮೇಲೆ ತಂದಿಟ್ಟ. "ಪಕ್ಕಕ್ಕೆ ಪಟ್ಟಿ ಕೂಡಿಸು."

"ಆ ಬಿಳಿ ಬಟ್ಟೆ ಉಳಿದಿಲ್ಲ ಅಪ್ಪ."

"ಯಾವುದಿದೆಯೋ ಅದು."

ಇದ್ದದ್ದು ತಿಳಿನೀಲಿ. ಎರಡೂ ಪಕ್ಕಕ್ಕೆ ಬಗಲಿನಿಂದ ಬುಡದವರೆಗೆ ಪಟ್ಟಿ ಕೂಡಿಸಿದೆ. ಅದನ್ನು ತೊಟ್ಟುಕೊಂಡೇ ಅಂಗಡಿಯಲ್ಲಿ ಕೂರುತ್ತಾನೆ. ಮೇಲಿನ ಕಂಬಿಯಿಂದ ಬಟ್ಟೆ ತೆಗೆಯಲು ಕೈ ಎತ್ತಿದಾಗಲೆಲ್ಲ ನೀಲಿ ಕಾಣುತ್ತದೆ. "ಏನ್ ಮಾಸ್ಟ್ರೇ, ಊರಿಗೆಲ್ಲ ಹೊಲೀತೀರ, ನಿಮ್ಮಂಗಿಗೇ ತೇಪೆ?" ಎಂದು ಬ್ಯಾಂಕಿನ ಗುಮಾಸ್ತರು ನಿನ್ನೆ ಕೇಳಿದರು. "ಮಗಳ ಕೆಲಸ. ಕಲೀತಾ ಇದಾಳೆ" ಎಂದ.

ಪಟ್ಟಿ ಕೂಡಿಸಿ ಕೊಟ್ಟ ದಿನ ಅವನು ಮಾಡಿದ ಮೊದಲ ಕೆಲಸ ಅಂಗಿಯನ್ನು ಒಳಮೈ ಹೊರಗೆ ಮಾಡಿದ್ದು. ಹೊಲಿಗೆಯ ಆಚೆ ಉಳಿಸಿದ್ದ ಬಟ್ಟೆಯ ಮೇಲೆ ಟೇಪು ಇಟ್ಟ, ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದ.

"ಎರಡು ಇಂಚು ಬಿಟ್ಟಿದ್ದೀಯ. ಜಾಸ್ತಿ ಆಯ್ತು."

"ಕತ್ತರಿಸಲಾ?" ಎಂದೆ.

"ಇರಲಿ ಬಿಡು" ಎಂದು ಅಂಗಿ ತೊಟ್ಟುಕೊಂಡ.